ಸೋದರಮಾವನ ತುಂಡು

ಕಫುಂಬಿ ಪ್ರಾಥಮಿಕ ಶಾಲೆ
ದೆಡ್ಜಾ ಜಿಲ್ಲೆ, ಮಲಾವಿ
೨೨ ಜೂನ್ ೨೦೦೩

ಮಾನ್ಯ ರಾಯಭಾರಿ ಎನೆಲೆಸ್ ಕಲಿಂದೆ ಅವರಿಗೆ,

ನಿನ್ನನ್ನು ಹೀಗೆ ಕರೆಯುವಷ್ಟು ಸಿಟ್ಟು ಬಂದಿದೆ ಎಂದು ಮೊದಲೇ ತಿಳಿದುಕೋ. ಒಂದೇ ಬೆಂಚಿನ ಮೇಲೆ ಕೂತು ಒಂದೇ ಸ್ಲೇಟಿನಲ್ಲಿ ಬರೆದವರು ನಾವು. ನೀನು ಅಡಿಸ್ ಅಬಾಬಾದಲ್ಲಿ ದೇಶದ ರಾಯಭಾರಿಯಾದೆ, ನಾನು ಆ ಬೆಂಚು ಇನ್ನೂ ಇರುವ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾದೆ. ಅದಕ್ಕೆ ನನಗೆ ಹೊಟ್ಟೆಕಿಚ್ಚು ಎಂದು ನಿನ್ನ ತಮ್ಮ ಜಕೆಯೊ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳಲಿ ಬಿಡು.

ಹದಿನಾರನೇ ತಾರೀಕು, ಆಫ್ರಿಕದ ಮಕ್ಕಳ ದಿನ, ನಿನ್ನ ಭಾಷಣ ರೇಡಿಯೋದಲ್ಲಿ ಬಂತು. ಚಳಿ ಎಂದು ಶಿಕ್ಷಕರೆಲ್ಲ ನನ್ನ ಮನೆಯಲ್ಲಿ ಕೆಂಡದ ಸುತ್ತ ಕೂತಿದ್ದೆವು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವವರು ಕಳ್ಳರು ಎಂದೆ, ಎಲ್ಲರೂ ತಲೆದೂಗಿದರು. ಆಮೇಲೆ ಆ ಕೋಳಿಯ ಕತೆ ಹೇಳಿದೆ. 'ನನ್ನ ಹಳ್ಳಿ ಬದಲಾಗಿದೆ. ಕೋಳಿ ಕಾಳು ಅರೆಯುವ ಆ ಕಲ್ಲುಹೊಟ್ಟೆ ನಮ್ಮಲ್ಲಿ ಮನೆಯ ಹಿರಿಯ ಗಂಡಸಿನ ಪಾಲು. ಈ ಈಸ್ಟರ್‌ಗೆ ಹೋದಾಗ ಅದನ್ನು ನನ್ನ ತಟ್ಟೆಗೆ ಹಾಕಿದರು, ಹೆಂಗಸಿನ ತಟ್ಟೆಗೆ' ಎಂದೆ. ಅಲ್ಲಿ ಸಭೆಯಲ್ಲಿ ಚಪ್ಪಾಳೆ ಬಿತ್ತು. ಇಲ್ಲಿ ನಮ್ಮ ಹೊಸ ಶಿಕ್ಷಕ ವೈಸನ್ ಮೆಲ್ಲಗೆ ಕೇಳಿದ: "ಮೇಡಂ, ಇವ್ರು ನಮ್ಮ ಮಡಲೊ ದೊಡ್ಡಮ್ಮ ಅಲ್ವಾ?"

ನಾನು ರೇಡಿಯೋ ಆರಿಸಿದೆ. ಬ್ಯಾಟರಿ ಉಳಿಯಲಿ ಎಂದೆ.

ಮಡಲೊ, ತೀರಿಹೋದ ನಿನ್ನ ತಂಗಿ ಫಲೆಸಿಯ ಒಬ್ಬಳೇ ಮಗಳು. ಹದಿನಾಲ್ಕು ವರ್ಷ, ಎಂಟನೇ ತರಗತಿ, ಮೂರು ವರ್ಷದಿಂದ ತರಗತಿಗೆ ಮೊದಲು. ಈ ತಿಂಗಳ ಒಂದನೇ ತಾರೀಕಿನಿಂದ ಅವಳ ಜಾಗ ಖಾಲಿ. ಆಲೂಗಡ್ಡೆ ಲಾರಿಯ ಫ್ಯಾಕ್ಸನ್‌ಗೆ ಎರಡನೇ ಹೆಂಡತಿಯಾಗಿ ಹೋಗಿದ್ದಾಳೆ. ಅವನ ಮೊದಲನೆಯವಳ ಮಗ ನನ್ನ ಐದನೇ ತರಗತಿಯಲ್ಲಿದ್ದಾನೆ.

ತಡೆಯಲು ಊರಿನ ಯಜಮಾನನ ಬಳಿಗೆ ಹೋಗಿದ್ದೆ. ಅವನು ನಕ್ಕುಬಿಟ್ಟ. "ಟೀಚರ್, ಆ ಹುಡುಗಿಗೆ ಸೋದರಮಾವನ ಸ್ಥಾನದಲ್ಲಿರೋರು ಯಾರು? ಎನೆಲೆಸ್. ವರನ ಕಡೆಯೋರು ತಂದ ಕೋಳಿ ಅಡುಗೆ ಮಾಡಿ, ಆ ಸ್ಥಾನದ ತುಂಡು, ಕಲ್ಲುಹೊಟ್ಟೆ, ಅವ್ರ ತಟ್ಟೆಗೆ ಹಾಕಿದ್ರು. ತಿಂದ್ರೆ ಮದ್ವೆ ಒಪ್ಪಿದ ಹಾಗೆ. ಅವ್ರು ಎಲ್ಲರ ಮುಂದೆ ಕೂತು ತಿಂದ್ರು. ರಾಯಭಾರಿನೇ ಒಪ್ಪಿದ್ಮೇಲೆ ನಾನ್ಯಾರು, ನೀವ್ಯಾರು?"

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಿನ್ನಂಥವರನ್ನು ನೋಡಿಯೇ ಹೇಳಿರಬೇಕು. ನೀನು ಆ ಮಗುವನ್ನು ತಿಂದುಹಾಕಿ, ಅದನ್ನೇ ಭಾಷಣ ಮಾಡಿದೆ.

ಒಂದು ಕಾಲದ ನಿನ್ನ ಗೆಳತಿ,
ಲೊಯ್ಸಿ ಮ್ಬೆವೆ

*

ಮಲಾವಿ ರಾಯಭಾರ ಕಚೇರಿ
ಅಡಿಸ್ ಅಬಾಬಾ
೧೪ ಜುಲೈ ೨೦೦೩

ಶ್ರೀಮತಿ ಲೊಯ್ಸಿ ಮ್ಬೆವೆ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಅದರಲ್ಲಿರುವ ಆರೋಪ ಆಧಾರವಿಲ್ಲದ್ದು. ನನಗೆ ಆಘಾತವಾಗಿದೆ, ಅದಕ್ಕಿಂತ ಹೆಚ್ಚಾಗಿ ಅವಮಾನವಾಗಿದೆ. ಇಪ್ಪತ್ತೆರಡು ವರ್ಷ ಮಕ್ಕಳಿಗಾಗಿ ಮಾತಾಡಿದವಳು ನಾನು. ಯುದ್ಧದಲ್ಲಿ ಬಂದೂಕು ಹಿಡಿಸಿದ ಮಕ್ಕಳನ್ನು ಬಿಡಿಸಲು ಸೇನಾಧಿಕಾರಿಗಳ ಎದುರು ಮೂರು ದಿನ ಕುರ್ಚಿ ಬಿಟ್ಟು ಏಳದೆ ಕೂತಿದ್ದೇನೆ. ನನ್ನ ಮೇಲೆ ಈ ಮಾತು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನಡೆದದ್ದು ಇಷ್ಟು. ಈಸ್ಟರ್ ಮಾರನೆಯ ದಿನ ವಿಮಾನ ಹಿಡಿಯುವ ಅವಸರದಲ್ಲಿ ಜಕೆಯೊನ ಮನೆಗೆ ಊಟಕ್ಕೆ ಹೋದೆ. ಚಾಪೆಯ ಮೇಲೆ ಗುರುತಿಲ್ಲದ ಇಬ್ಬರು ಮುದುಕರಿದ್ದರು. ನೆರೆಯವರೋ, ಮುಂದಿನ ಚುನಾವಣೆಗೆ ನನ್ನ ಮತದಾರರೋ ಇರಬೇಕು ಎಂದು ಕೈ ತಟ್ಟಿ ವಂದಿಸಿದೆ. ಜೋಳದ ಮುದ್ದೆ ನ್ಸಿಮಾ, ಸೊಪ್ಪು, ಕೋಳಿ. ಕಲ್ಲುಹೊಟ್ಟೆ ನನ್ನ ತಟ್ಟೆಗೆ ಬಂದಾಗ ನಿಜಕ್ಕೂ ಕಣ್ಣು ತುಂಬಿತು. ನಾನು ತಿಂದಾಗ ಆ ಮುದುಕರು ಅಂಗೈ ಬಾಗಿಸಿ ಚಪ್ಪಾಳೆ ತಟ್ಟಿದರು. ನನ್ನನ್ನು ಮೆಚ್ಚಿ ತಟ್ಟಿದರು ಎಂದುಕೊಂಡೆ. ಮದುವೆಯ ಮಾತು ಯಾರೂ ಎತ್ತಲಿಲ್ಲ.

ಇದರಲ್ಲಿ ತಪ್ಪು ತಿಳಿವಳಿಕೆಯಿದೆ. ಜಕೆಯೊನಿಗೆ ಕಾರಣ ಕೇಳಿ ಬರೆದಿದ್ದೇನೆ. ಅಲ್ಲಿಯವರೆಗೆ ಈ ವಿಷಯ ಹೊರಗೆ ಆಡದಿರಲು ಕೋರುತ್ತೇನೆ.

ವಿಶ್ವಾಸದೊಂದಿಗೆ,
ಎನೆಲೆಸ್ ಕಲಿಂದೆ
ರಾಯಭಾರಿ

*

ಕಫುಂಬಿ
೩ ಆಗಸ್ಟ್ ೨೦೦೩

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ಆಲೂಗಡ್ಡೆ ಈ ಸಲ ಚೆನ್ನಾಗಿ ಬಂದಿದೆ. ನಿನ್ನ ಪತ್ರ ಓದಿದೆ, ನನ್ನ ಹೆಂಡತಿಗೂ ಓದಿ ಹೇಳಿದೆ. ಇಬ್ಬರೂ ನಕ್ಕೆವು. ಅಕ್ಕ, ನೀನು ದೊಡ್ಡ ದೊಡ್ಡವರ ಜೊತೆ ಊಟ ಮಾಡಿ ನಮ್ಮ ಊಟ ಮರೆತಿದ್ದೀಯ. ಹೆಂಗಸಿಗೆ ಸುಮ್ಮಸುಮ್ಮನೆ ಯಾರಾದರೂ ಕಲ್ಲುಹೊಟ್ಟೆ ಬಡಿಸುತ್ತಾರೆಯೇ?

ಐದು ವರ್ಷದ ಹಿಂದೆ ನಮ್ಮ ಸೋದರಮಾವ ತೀರಿಕೊಂಡಾಗ ಆ ಸ್ಥಾನ ಯಾರಿಗೆ ಎಂದು ಮನೆತನದವರು ಕೂತು ಮಾತಾಡಿದೆವು. ನಾನು ಬರೆದು ಕೇಳಿದೆ. ನೀನು ಒಂದು ಕಾರ್ಡಿನ ಹಿಂದೆ ಬರೆದು ಕಳಿಸಿದೆ: 'ಹಿರಿಯಳು ನಾನೇ, ನನ್ನ ಹೆಸರೇ ಇರಲಿ, ಹೆಂಗಸು ಯಾಕಾಗಬಾರದು?' ಆ ಕಾರ್ಡು ಇನ್ನೂ ಗೋಡೆಯ ಮೇಲಿದೆ. ಸ್ಥಾನ ಬೇಕು, ಅದರ ಕೆಲಸ ಬೇಡ ಎಂದರೆ ಹೇಗೆ? ಫಲೆಸಿಯ ಮಗಳಿಗೆ ಒಪ್ಪಿಗೆ ಕೊಡಬೇಕಾದವಳು ನೀನು. ನಾನು ಒಲೆ ಹಚ್ಚಿ ಕೊಟ್ಟೆ ಅಷ್ಟೆ.

ಮೊದಲೇ ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಒಪ್ಪುತ್ತೇನೆ. ಆದರೆ ಆ ಲೊಯ್ಸಿ ಟೀಚರ್ ಮೊದಲಿಂದಲೂ ಪೊಲೀಸು ಪೊಲೀಸು ಎಂದು ಹೆದರಿಸುತ್ತಿದ್ದಳು. ನಿನ್ನ ಹೆಸರು ಬಿದ್ದ ಮೇಲೆ ಸುಮ್ಮನಾದಳು. ದೊಡ್ಡವರ ಹೆಸರಿನ ಉಪಯೋಗ ಅದೇ ತಾನೆ.

ಇನ್ನೊಂದು ಮಾತು. ಬರುವ ಮೇ ಚುನಾವಣೆಗೆ ನೀನು ನಿಲ್ಲುತ್ತೀಯ ಎಂದಾಗಿನಿಂದ ಫ್ಯಾಕ್ಸನ್ ಅಳಿಯಂದಿರು ಲಾರಿಗೆ ಹೊಸ ಟೈರು ಹಾಕಿಸಿದ್ದಾರೆ. "ಅತ್ತೆಯೋರನ್ನ ಊರೂರು ಮೆರೆಸ್ತೀನಿ" ಅಂತಾರೆ. ಈಗ ಹಳೆಯದು ಕೆದಕಿ ಅವರ ಮನಸ್ಸು ನೋಯಿಸಬೇಡ.

ನಿನ್ನ ತಮ್ಮ,
ಜಕೆಯೊ

*

ಅಡಿಸ್ ಅಬಾಬಾ
೩೦ ಆಗಸ್ಟ್ ೨೦೦೩

ಲೊಯ್ಸಿ,

ಜಕೆಯೊನ ಪತ್ರ ಇದರ ಜೊತೆಗಿದೆ, ಓದಿಕೋ. ನೀನು ಬರೆದದ್ದು ನಿಜ. ನಾನು ಬರೆದ ಆ ದೊಡ್ಡಸ್ತಿಕೆಯ ಪತ್ರ ಹರಿದು ಹಾಕು.

ಎರಡು ದೇಶಗಳ ಔತಣದಲ್ಲಿ ಯಾರನ್ನು ಯಾವ ಕುರ್ಚಿಯಲ್ಲಿ ಕೂರಿಸಿದರೆ ಏನು ಅರ್ಥ ಎಂದು ಹೊಸಬರಿಗೆ ಪಾಠ ಮಾಡುವವಳು ನಾನು. ಬಡಿಸಿದ್ದನ್ನು ಮುಟ್ಟುವ ಮೊದಲು ಯಾರು ಬಡಿಸಿದರು, ಯಾಕೆ ಬಡಿಸಿದರು ಎಂದು ಕೇಳಿ ಎನ್ನುತ್ತೇನೆ. ನನ್ನ ತಮ್ಮನ ಚಾಪೆಯ ಮೇಲೆ ಅದನ್ನೇ ಕೇಳಲಿಲ್ಲ. ನನ್ನ ಮೇಲೆ ನನಗೇ ಎಷ್ಟು ಕೋಪ ಬಂದಿದೆ ಎಂದರೆ ಎರಡು ದಿನದಿಂದ ಯಾರ ಜೊತೆಯೂ ನೆಟ್ಟಗೆ ಮಾತಾಡಿಲ್ಲ.

ಆ ದಿನ ಕೈತೊಳೆಯಲು ನೀರು ಹಾಕಿದವಳು ಮಡಲೊ. ಮೊಣಕಾಲೂರಿ ಚೊಂಬು ಹಿಡಿದಿದ್ದಳು. "ದೊಡ್ಡಮ್ಮ…" ಎಂದಳು. ಅಷ್ಟರಲ್ಲಿ ನನ್ನ ಫೋನು ಬಂತು. ನಾನು ಒದ್ದೆ ಕೈಯಲ್ಲೇ ಅವಳ ಕೆನ್ನೆ ತಟ್ಟಿ, "ಚೆನ್ನಾಗಿ ಓದು ಮಗಳೇ" ಎಂದು ಹೊರಗೆ ಹೋದೆ.

ದಾರಿ ಒಂದಿದೆ, ನಿನಗೂ ಗೊತ್ತು. ತಿಂದವರೇ ಹೋಗಿ, ಜೀವಂತ ಕೋಳಿಯನ್ನು ಊರ ಮುಂದೆ ಹಿಂದಿರುಗಿಸಿ, ತಿಂದದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಮಾಡಿದರೆ ಮದುವೆ ಮುರಿಯುತ್ತದೆ. ಆದರೆ ಪತ್ರಿಕೆಯವರು ಸುಮ್ಮನಿರುತ್ತಾರೆಯೇ? ಮಕ್ಕಳ ರಾಯಭಾರಿ ತನ್ನ ಮನೆಯ ಮಗುವನ್ನೇ ಕೊಟ್ಟಳು ಎಂದು ಬರೆಯುತ್ತಾರೆ. ಪಕ್ಷ ನನ್ನ ಹೆಸರು ಕೈಬಿಡುತ್ತದೆ. ನಾನು ಸಂಸತ್ತಿಗೆ ಹೋಗದಿದ್ದರೆ ಮದುವೆಯ ಕಾನೂನು ಬದಲಿಸುವವರು ಯಾರು? ಹದಿನೆಂಟರೊಳಗಿನವರ ಮದುವೆಗೆ ಬಾಗಿಲು ತೆರೆಯುವ 'ಹಿರಿಯರ ಒಪ್ಪಿಗೆಯಿದ್ದರೆ' ಎಂಬ ಆ ಒಂದು ಸಾಲನ್ನು ಅದರಿಂದ ಕಿತ್ತುಹಾಕಿದರೆ ಸಾವಿರಾರು ಹುಡುಗಿಯರು ಉಳಿಯುತ್ತಾರೆ. ಮೇ ತನಕ ತಡೆದುಕೊಂಡರೆ, ಚುನಾವಣೆ ಮುಗಿದ ಮರುದಿನವೇ ನಾನು ಬಂದು ಅವಳನ್ನು ಕರೆತರುತ್ತೇನೆ. ಬೇರೆ ದಾರಿ ಇದ್ದರೆ ಹೇಳು.

ಎನೆಲೆಸ್

*

ನ್ಸಾಂಜೆ
೧೯ ಸೆಪ್ಟೆಂಬರ್ ೨೦೦೩

ಎನೆಲೆಸ್,

ಮೇಲಿನ ವಿಳಾಸ ನೋಡಿದೆಯಾ? ದೇಶದ ಈ ತುದಿಗೆ, ಬೆಂಕಿಯಂಥ ಬಿಸಿಲಿಗೆ ನನ್ನನ್ನು ವರ್ಗ ಮಾಡಿ ಎತ್ತಿಹಾಕಿದ್ದಾರೆ. ಹದಿನಾರು ವರ್ಷ ಇದ್ದ ಶಾಲೆ ಬಿಡಲು ಎರಡು ದಿನ ಕೊಟ್ಟರು. ಸಾಮಾನು ಸಾಗಿಸಲು ಯಾರ ಲಾರಿ ಬಂತು ಬಲ್ಲೆಯಾ? ಫ್ಯಾಕ್ಸನ್‌ನದು. ಅವನೇ ಬಂದು ನಿಂತು ಹಲ್ಲು ಕಿರಿದ. "ಟೀಚರ್‌ಗೆ ಇಷ್ಟಾದ್ರೂ ಸೇವೆ ಮಾಡ್ದೆ ಇದ್ರೆ ಹೆಂಗೆ?" ನಾನು ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ ನಿಲ್ದಾಣಕ್ಕೆ ನಡೆದೆ. ಎಂಟನೇ ತರಗತಿಯ ಹುಡುಗಿಯರು ಉಳಿದದ್ದನ್ನು ಹೊತ್ತು ಹಿಂದೆ ಬಂದರು.

ಹೊರಡುವ ಮೊದಲು ಮಡಲೊಳನ್ನು ನೋಡಿ ಬಂದೆ. ಅಂಗಳದಲ್ಲಿ ಕೂತು ಆಲೂಗಡ್ಡೆ ಆರಿಸುತ್ತಿದ್ದಳು, ಕೆಟ್ಟದ್ದು ಈ ಕಡೆ, ಒಳ್ಳೆಯದು ಆ ಕಡೆ. ಪಕ್ಕದಲ್ಲಿ ಆ ಐದನೇ ತರಗತಿಯ ಹುಡುಗನ ಗಣಿತದ ಪುಸ್ತಕ ತೆರೆದಿತ್ತು. ಕೈ ನಿಲ್ಲಿಸದೆ ಕಣ್ಣಲ್ಲಿ ಲೆಕ್ಕ ಮಾಡುತ್ತಿದ್ದಳು. ಅವಳ ಮಣಿಕಟ್ಟಿನ ಮೇಲೆ ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಒಂದೇ ಒಂದು ಮಾತು ಕೇಳಿದಳು: "ಟೀಚರ್, ದೊಡ್ಡಮ್ಮಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದೆ. ಈಗ ಗೊತ್ತಿದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮೇ ತಿಂಗಳು ಎನ್ನುತ್ತೀಯ. ಇಂದಿನಿಂದ ಮೇ ತನಕ ಎಂಟು ತಿಂಗಳು, ಎನೆಲೆಸ್. ಆ ಮನೆಯೊಳಗೆ ಹದಿನಾಲ್ಕು ವರ್ಷದ ಹುಡುಗಿಗೆ ಎಂಟು ತಿಂಗಳು. ಅಷ್ಟರಲ್ಲಿ ಏನೇನಾಗಬಹುದು ಎಂದು ನಿನಗೆ ಬಿಡಿಸಿ ಹೇಳಬೇಕೇ? ಸಾವಿರ ಹುಡುಗಿಯರ ಲೆಕ್ಕ ನನ್ನ ಮುಂದೆ ಹೇಳಬೇಡ. ಆ ಸಾವಿರದಲ್ಲಿ ಒಬ್ಬೊಬ್ಬಳಿಗೂ ನಿನ್ನಂಥ ಒಬ್ಬಳು ದೊಡ್ಡಮ್ಮ ಇರುತ್ತಾಳೆ, 'ಸ್ವಲ್ಪ ತಡೆ' ಎನ್ನುತ್ತಾಳೆ. ಬೇಲಿಯೇ ಎದ್ದು ಹೊಲ ಮೇಯ್ದು, ಹೊಲದ ಒಳ್ಳೆಯದಕ್ಕೇ ಮೇಯ್ದೆ ಎಂದರೆ ಕೇಳುವವರಿಗೆ ಮೈ ಉರಿಯುವುದಿಲ್ಲವೇ?

ಕೋಳಿ ಕೊಳ್ಳಲು ತೊಂದರೆಯಾದರೆ ಹೇಳು. ನನ್ನದೊಂದು ಹೇಂಟೆಯಿದೆ, ಕಳಿಸುತ್ತೇನೆ.

ಲೊಯ್ಸಿ

*

ಕಫುಂಬಿ
೯ ನವೆಂಬರ್ ೨೦೦೩

ಲೊಯ್ಸಿ,

ರಾಜೀನಾಮೆ ಕೊಟ್ಟು ಬಂದು ಹತ್ತು ದಿನವಾಯಿತು. ನಿನ್ನೆ ಕೋಳಿ ಹಿಂದಿರುಗಿಸಿದೆ.

ಜಕೆಯೊ ಬೆಳಿಗ್ಗೆಯಿಂದ ಬಾಗಿಲಿಗೆ ಅಡ್ಡ ನಿಂತಿದ್ದ. "ಅಕ್ಕಾ, ನಿಂಗೆ ಹುಚ್ಚಾ? ಒಂದು ಹುಡುಗಿಗೋಸ್ಕರ ಇಡೀ ಮನೆತನದ ಮರ್ಯಾದೆ ಕಳೀತೀಯಾ?" ಎಂದ. "ನಮ್ಮ ಫಲೆಸಿ ಮಗಳು ಕಣೋ ಅವ್ಳು" ಎಂದೆ. ಅವನು ನೆಲ ನೋಡಿದ. ಆದರೂ ದಾರಿ ಬಿಡಲಿಲ್ಲ. ನಾನೇ ತಳ್ಳಿಕೊಂಡು ಹೊರಟೆ.

ಮಾವಿನ ಮರದ ಕೆಳಗೆ ಊರೆಲ್ಲ ಸೇರಿತ್ತು. ಯಾರು ಹೇಳಿ ಕಳಿಸಿದರೋ, ಲಿಲಾಂಗ್ವೆಯಿಂದ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. ಈಸ್ಟರ್ ಊಟದ ಆ ಇಬ್ಬರು ಮುದುಕರು ಫ್ಯಾಕ್ಸನ್‌ನ ಸೋದರಮಾವಂದಿರು, ಮುಂದೆಯೇ ಕೂತಿದ್ದರು. ನಾನು ಕಂಕುಳಲ್ಲಿ ಹೇಂಟೆ ಹಿಡಿದು ನಿಂತೆ. ಹಿರಿಯವನು ಎದ್ದು ಕೇಳಿದ: "ತಿಂದಿದ್ನ ಹೆಂಗಮ್ಮಾ ವಾಪಸ್ ಕೊಡ್ತೀಯಾ? ಆರು ತಿಂಗಳ ಮೇಲಾಯ್ತು. ಎಲ್ಲಿಗೆ ಹೋಗಿ ಸೇರ್ತೋ ಏನೋ." ಜನ ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ಬರಬೇಕಿತ್ತು, ಮೈ ಉರಿಯಿತು.

ನಾಲ್ಕು ಅಧ್ಯಕ್ಷರ ಮುಂದೆ ನಿಂತು ಮಾತಾಡಿದ್ದೇನೆ, ಯಾರಿಗೂ ಮಂಡಿಯೂರಿರಲಿಲ್ಲ. ನಿನ್ನೆ ಮಣ್ಣಲ್ಲಿ ಮಂಡಿಯೂರಿದೆ. "ನಾನು ತಿಂದಿದ್ದು ತಪ್ಪು. ತಿಳೀದೆ ತಿಂದೆ ಅಂತ ಹೇಳಲ್ಲ, ಕೇಳ್ದೆ ತಿಂದೆ. ಯಾರ ಕೋಳಿ ಅಂತ ಕೇಳಲಿಲ್ಲ, ಹುಡುಗಿ ಏನೋ ಹೇಳೋಕೆ ಬಂದ್ಲು, ಅದ್ನೂ ಕೇಳಲಿಲ್ಲ. ಈ ಸ್ಥಾನದಲ್ಲಿ ಕೂತು ನಾನು ಈ ಮದ್ವೆ ಒಪ್ಪಲ್ಲ. ಕೋಳಿ ತಗೊಳ್ಳಿ, ನಮ್ಮ ಮಗೂನ ಕೊಡಿ."

ನಗು ನಿಂತಿತು. ಯಜಮಾನ ಆ ಮುದುಕರ ಕಡೆ ತಿರುಗಿ ಏನಂತೀರಿ ಎಂದ. ಆಗ ಹಿಂದಿನಿಂದ ಫ್ಯಾಕ್ಸನ್‌ನ ಮೊದಲ ಹೆಂಡತಿ ಎದ್ದು ಬಂದಳು. ಯಾರನ್ನೂ ಕೇಳದೆ ನನ್ನ ಕೈಯಿಂದ ಕೋಳಿ ಕಿತ್ತುಕೊಂಡು, "ನಮ್ಮನೆ ಕೋಳಿ ಬಂತು. ಮುಗೀತಲ್ಲ? ಕರ್ಕೊಂಡೋಗಿ ನಿಮ್ಮ ಹುಡುಗೀನ" ಎಂದಳು. ಯಜಮಾನ ಹೂಂ ಎಂದ.

ಮಡಲೊ ಒಂದು ಗಂಟು ಹಿಡಿದು ಬಂದಳು. ನಾನು ಕೈ ಚಾಚಿದೆ. ಅವಳು ನನ್ನ ಕೈಯನ್ನೂ ಮುಖವನ್ನೂ ನೋಡಲಿಲ್ಲ. "ನನ್ನ ಟೀಚರ್ ಹತ್ರ ಕಳ್ಸಿ" ಎಂದಳು, ಅಷ್ಟೆ. ರಾತ್ರಿ ಜಕೆಯೊನ ಮನೆಯಲ್ಲಿ ಬೇಡ ಎಂದು ಪಾದ್ರಿಗಳ ಮನೆಯಲ್ಲಿದ್ದೇವೆ. ಊಟ ಮುಂದಿಟ್ಟರೆ ನಾನು ಎದ್ದು ಹೋದ ಮೇಲೆ ತಿನ್ನುತ್ತಾಳೆ.

ಗುರುವಾರದ ಬಸ್ಸಿಗೆ ಹತ್ತಿಸುತ್ತೇನೆ. ಇಟ್ಟುಕೊಳ್ಳುತ್ತೀಯಾ? ಈ ಮಾತು ಕೇಳಲು ನನಗೆ ಯೋಗ್ಯತೆಯಿಲ್ಲ, ಆದರೂ ಕೇಳುತ್ತಿದ್ದೇನೆ.

ಇನ್ನೊಂದು ಸುದ್ದಿ, ನೀನು ಬೇರೆ ಕಡೆಯಿಂದ ಕೇಳುವ ಮೊದಲು. ಪಕ್ಷದವರು ಇಂದು ಬೆಳಿಗ್ಗೆ ಹೇಳಿಕಳಿಸಿದರು. ಪಟ್ಟಿಯಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ಈಗ ಫ್ಯಾಕ್ಸನ್‌ನ ಹೆಸರಿದೆ. 'ಕುಟುಂಬದ ಮೌಲ್ಯ ಉಳಿಸಿದವರು' ಎಂದು ಅವನನ್ನು ಹೊಗಳಿದ್ದಾರಂತೆ. ನಾನು ಯಾವ ಪಕ್ಷವೂ ಇಲ್ಲದೆ ನಿಲ್ಲುತ್ತೇನೆ. ಲಾರಿಯಿಲ್ಲ, ನಡೆಯುತ್ತೇನೆ. ಸೋಲುತ್ತೇನೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಸೋತರೂ ಊರೂರಿಗೂ ಹೋಗಿ ಆ ಮಾವಿನ ಮರದ ಕೆಳಗೆ ಆಡಿದ ಮಾತನ್ನೇ ಆಡುತ್ತೇನೆ.

ಎನೆಲೆಸ್

*

ನ್ಸಾಂಜೆ
೨೫ ಜನವರಿ ೨೦೦೪

ದೊಡ್ಡಮ್ಮನಿಗೆ,

ಟೀಚರ್ ಬರಿ ಬರಿ ಎಂದು ಮೂರು ವಾರದಿಂದ ಹೇಳುತ್ತಿದ್ದರು. ಬರೆಯಬೇಕೆಂದು ಅನ್ನಿಸಿರಲಿಲ್ಲ. ಇವತ್ತು ಅನ್ನಿಸಿತು.

ನಾನು ಎಂಟನೇ ತರಗತಿಗೆ ಮತ್ತೆ ಸೇರಿದ್ದೇನೆ. ಇಲ್ಲಿ ತುಂಬಾ ಸೆಕೆ. ಗಣಿತದಲ್ಲಿ ಹಿಂದೆ ಬಿದ್ದಿಲ್ಲ, ಇಂಗ್ಲಿಷಿನಲ್ಲಿ ಬಿದ್ದಿದ್ದೇನೆ. ಡಾಕ್ಟರ್ ನೋಡಿದರು, ನಿಮಗೆ ಹೆದರಿಕೆಯಿದ್ದ ಹಾಗೆ ಬಸಿರಿಲ್ಲ ಎಂದರು. ಟೀಚರ್ ಆ ದಿನ ಅತ್ತರು, ನಾನು ಅಳಲಿಲ್ಲ.

ನಿಮ್ಮ ಫೋಟೋ ಪತ್ರಿಕೆಯಲ್ಲಿ ನೋಡಿದೆ, ಕೋಳಿ ಹಿಡಿದು ಮಂಡಿಯೂರಿದ್ದು. ಪಕ್ಕದ ಮನೆಯವರು ನೋಡಿ, "ಎಂಥಾ ದೊಡ್ಡ ಮನಸ್ಸು ನಿಮ್ಮ ದೊಡ್ಡಮ್ಮಂದು" ಎಂದರು. ನನಗೆ ಸಿಟ್ಟು ಬಂತು. ಆ ದಿನ ಮರದ ಕೆಳಗೂ ಎಲ್ಲರನ್ನೂ ಕೇಳಿದರು. ಯಜಮಾನರನ್ನು ಕೇಳಿದರು, ಆ ಮುದುಕರನ್ನು ಕೇಳಿದರು. ಕೋಳಿ ಬಂದ ಮೇಲೆ ನನ್ನನ್ನು ಕೊಟ್ಟರು. ಹೋಗುವಾಗಲೂ ಕೋಳಿಗೆ ಹೋದೆ, ಬರುವಾಗಲೂ ಕೋಳಿಗೆ ಬಂದೆ. ನಿಮ್ಮ ಕಾನೂನಿನಲ್ಲಿ ಹಿರಿಯರ ಒಪ್ಪಿಗೆ ಎಂಬುದನ್ನು ತೆಗೆಯುತ್ತೀರಂತೆ, ಟೀಚರ್ ಹೇಳಿದರು. ತೆಗೆದ ಜಾಗ ಖಾಲಿ ಬಿಡಬೇಡಿ. ಹುಡುಗಿಯನ್ನು ಕೇಳಬೇಕು ಎಂದು ಬರೆಯಿರಿ.

ಇವತ್ತು ಭಾನುವಾರ, ಟೀಚರ್ ತಮ್ಮ ಹೇಂಟೆ ಕೊಯ್ದರು. ಮನೆಯಲ್ಲಿ ನನಗೆ ಯಾವಾಗಲೂ ಕತ್ತು, ಇಲ್ಲವೇ ಕಾಲಿನ ಉಗುರಿನ ಕಡೆ. ಟೀಚರ್ ಪಾತ್ರೆ ಮುಂದಿಟ್ಟು, "ನಿಂಗೆ ಯಾವ್ ತುಂಡು ಬೇಕೇ?" ಎಂದರು. ನಾನು ಪಾತ್ರೆಯೊಳಗೆ ಬಗ್ಗಿ ನೋಡಿದೆ. ಆಮೇಲೆ ಕಲ್ಲುಹೊಟ್ಟೆ ಎಂದೆ. ಟೀಚರ್ ಹುಡುಕಿ ತೆಗೆದು ಹಾಕಿದರು.

ಸಣ್ಣದು, ಹೆಬ್ಬೆರಳಿನಷ್ಟು. ರಬ್ಬರಿನ ಹಾಗೆ ಗಟ್ಟಿ. ಎಷ್ಟು ಅಗಿದರೂ ನುಂಗಲು ಆಗಲಿಲ್ಲ. ಇಷ್ಟಕ್ಕೇನಾ ದೊಡ್ಡಮ್ಮ?

ಪರೀಕ್ಷೆಗೆ ಓದಬೇಕು, ನಿಲ್ಲಿಸುತ್ತೇನೆ.

ಫಲೆಸಿಯ ಮಗಳು,
ಮಡಲೊ